ಎರಡು ಕಂಪ್ಯೂಟರು, ಒಂದೇ ಗಂಟು

ಹಳೇ ಸಾಮಾನಿನ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಮಾರುವ ಮುಂಚೆ ಡ್ರಾಯರ್ ಖಾಲಿ ಮಾಡಿ. ಕಡೂರಿನಲ್ಲಿ ಕೂತು ಮುಚ್ಚಿದ ಅಂಗಡಿಗಳ ರ‍್ಯಾಕು, ಎದ್ದುಹೋದ ಆಫೀಸುಗಳ ಮೇಜು, ನಿಂತುಹೋದ ಹೋಟೆಲುಗಳ ಗ್ರೈಂಡರು ಕೊಂಡು ಮಾರಿಯೇ ನಾನು ಮನೆ ಕಟ್ಟಿದ್ದು. ಮೇಜಿನ ಡ್ರಾಯರುಗಳಲ್ಲಿ ಏನೇನು ಸಿಕ್ಕಿದೆ ಅಂತ ಹೇಳಿದರೆ ನಂಬುವುದಿಲ್ಲ. ಯಾರದೋ ಮದುವೆಯ ಫೋಟೋ, ಯಾರದೋ ಜಮೀನಿನ ಪಹಣಿ, ಒಂದು ಸಲ ಕಟ್ಟಿಸಿದ ಹಲ್ಲಿನ ಸೆಟ್ಟು. ಕೊಂಡವನು ತಂದುಕೊಟ್ಟರೆ ಪುಣ್ಯ, ಕೊಡದಿದ್ದರೆ ಜಗಳ. ಆದ್ದರಿಂದ ಖಾಲಿ ಮಾಡಬೇಕು, ಕೈ ಹಾಕಿ ಮೂಲೆ ತಡವಬೇಕು, ಆಮೇಲೆ ಮಾರಬೇಕು. ಈ ನಿಯಮವನ್ನು ನಾನು ಒಂದು ಸಲವೂ ಮುರಿದವನಲ್ಲ. ನನ್ನ ಹೆಂಡತಿಯ ಏಳು ವರ್ಷದ ಕೆಲಸ ಮಣ್ಣುಪಾಲಾದದ್ದು ಅದನ್ನು ಪಾಲಿಸಿದ್ದರಿಂದಲೇ.

ಅವಳು ಮನೆಯಲ್ಲೇ ರವಿಕೆಗಳಿಗೆ ಎಂಬ್ರಾಯ್ಡರಿ ಹಾಕಿಕೊಡುತ್ತಾಳೆ. ಕೈಯಲ್ಲಿ ಅಲ್ಲ, ಮಿಷನ್ನಿನಲ್ಲಿ. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ದಾರ ಎಲ್ಲಿ ಶುರುವಾಗಬೇಕು, ಯಾವ ಕಡೆ ವಾಲಿ ಹೊಲಿಯಬೇಕು, ಯಾವುದರ ಮೇಲೆ ಯಾವುದು ಬರಬೇಕು ಎಂದು ಒಂದೊಂದು ಹೊಲಿಗೆಯನ್ನೂ ಕೂರಿಸಿ ಮಿಷನ್ನಿಗೆ ಒಪ್ಪಿಸಿದರೆ, ಅದು ಬಟ್ಟೆಯ ಮೇಲೆ ಹೊಲಿದುಕೊಂಡು ಹೋಗುತ್ತದೆ. ನೋಡುವವರಿಗೆ ಮಿಷನ್ನು ಮಾಡಿದಂತೆ ಕಾಣುತ್ತದೆ. ಒಂದು ಬಳ್ಳಿ ಕೂರಿಸಲು ಅವಳು ಎರಡು ದಿನ ಕಣ್ಣು ಕೀಲಿಸಿಕೊಂಡು ಕೂತದ್ದು ಯಾರಿಗೂ ಕಾಣುವುದಿಲ್ಲ.

ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಮಿಷನ್ನನ್ನು ನಾನೇ ಒಂದು ಮುಚ್ಚಿದ ಅಂಗಡಿಯಿಂದ ತಂದು, ಗಿರಾಕಿ ಸಿಗುವವರೆಗೆ ಇರಲಿ ಎಂದು ಹಿಂದಿನ ಕೋಣೆಯಲ್ಲಿ ಇಟ್ಟಿದ್ದೆ. ಗಿರಾಕಿ ಬರುವ ಮೊದಲು ಇವಳು ಅದರಲ್ಲಿ ಒಂದು ಮಾವಿನಕಾಯಿ ಹೊಲಿದು ನನ್ನ ಮುಂದೆ ಹಿಡಿದಳು. ಇದು ಇಲ್ಲೇ ಇರಲಿ ಅಂದಳು. ಇತ್ತು. ಆಮೇಲೆ ಒಂದೊಂದೇ ಡಿಸೈನು ಸೇರುತ್ತಾ ಹೋಯಿತು. ದೇವಸ್ಥಾನದ ಕಂಬದ ಹಂಸ, ಅವಳಮ್ಮ ಬಾಗಿಲಿಗೆ ಹಾಕುತ್ತಿದ್ದ ರಂಗೋಲಿ, ನಾನು ಮಾರಲು ತಂದಿಟ್ಟಿದ್ದ ಹಿತ್ತಾಳೆ ದೀಪದ ಮೇಲಿದ್ದ ಎಲೆ. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅವಳ ಅಜ್ಜಿಯ ಮುಂಗೈ ಮೇಲಿದ್ದ ಹಚ್ಚೆ: ನಾಲ್ಕು ಬಾಗಿಲಿನ ಒಂದು ಅಂಗಳ, ಮಧ್ಯೆ ಒಂಬತ್ತು ಚುಕ್ಕಿ, ಒಂದು ಮೂಲೆಯಲ್ಲಿ ಎಳೆ ತಪ್ಪಿ ಆಚೆ ಹೋಗಿತ್ತು. ಹಚ್ಚೆ ಹಾಕಿದವಳ ಕೈ ತಪ್ಪಿತೋ, ನೋವಿಗೆ ಅಜ್ಜಿ ಕೈ ಎಳೆದುಕೊಂಡಿದ್ದಳೋ. ಅಜ್ಜಿ ಬದುಕಿದ್ದಾಗಲೇ ಪಕ್ಕದಲ್ಲಿ ಕೂತು, ಪೋಸ್ಟ್ ಕಾರ್ಡಿನ ಹಿಂದೆ ಅದನ್ನು ಬರೆದುಕೊಂಡು ಬಂದು, ಆ ತಪ್ಪನ್ನೂ ಬಿಡದೆ ಹೊಲಿಗೆಯಲ್ಲಿ ಕೂರಿಸಿದ್ದಳು. ಪೋಸ್ಟ್ ಕಾರ್ಡು ಆಮೇಲೆ ಎಲ್ಲಿ ಹೋಯಿತೋ. ಕಂಪ್ಯೂಟರಿನಲ್ಲಿ ಇದೆಯಲ್ಲ ಅಂತ ಯಾರೂ ಹುಡುಕಲಿಲ್ಲ.

ಚಿತ್ರ ಬರೆಯುವ ಕಂಪ್ಯೂಟರು ಮುಂದಿನ ಕೋಣೆಯಲ್ಲಿ, ಬೀದಿಯ ಬೆಳಕಿನಲ್ಲಿ. ಮಿಷನ್ನಿಗೆ ಕೆಲಸ ಒಪ್ಪಿಸುವ ಕಂಪ್ಯೂಟರು ಹಿಂದಿನ ಕೋಣೆಯಲ್ಲಿ. ನಡುವೆ ನಡುಮನೆ, ಎರಡು ಮೆಟ್ಟಿಲು, ಒಂದು ಹೊಸ್ತಿಲು. ಫೈಲುಗಳೆಲ್ಲ ಮುಂದಿನದರಲ್ಲಿ. ಹಿಂದಿನದು ಹಳೆಯ ಡಬ್ಬ, ಅದರ ಹೊಟ್ಟೆ ಚಿಕ್ಕದು, ಹೊಲಿದಾದ ಮೇಲೆ ಫೈಲು ಅಳಿಸಿಬಿಡಬೇಕು. ಹೀಗಾಗಿ ಪೆನ್‌ಡ್ರೈವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ದಿನಕ್ಕೆ ಇಪ್ಪತ್ತು ಸಲ ಓಡಾಡುತ್ತಿದ್ದಳು. ಒಂದು ದಾರದ ಬಣ್ಣ ತಪ್ಪಿದರೆ ಮತ್ತೆ ಮುಂದೆ, ಮತ್ತೆ ಹಿಂದೆ. ಒಂದು ಸಲ ಪೆನ್‌ಡ್ರೈವು ಅಕ್ಕಿ ಡಬ್ಬಕ್ಕೆ ಬಿದ್ದು ನಾಲ್ಕು ದಿನ ಸಿಗಲಿಲ್ಲ. ಮಂಡಿ ಊದಿಕೊಂಡ ಮೇಲೆ ಒಂದು ಸಂಜೆ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ. ಅಲ್ಲೇ ಕೂತು ಬೆಳ್ಳುಳ್ಳಿ ಸುಲಿದಳು.

ನಾನು ಎರಡನ್ನೂ ಜೋಡಿಸುತ್ತೇನೆ ಎಂದು ಹೊರಟೆ. ಇದಕ್ಕೆ ಬಲ್ಲವರು ಇದ್ದಾರೆ, ಕರೆಸಿದರೆ ಅರ್ಧ ಗಂಟೆಯ ಕೆಲಸ. ಆದರೆ ನಾನೇ ಮಾಡಬಹುದಾದ ಕೆಲಸಕ್ಕೆ ಇನ್ನೊಬ್ಬನನ್ನು ಕರೆಯುವುದು ನನ್ನ ಜಾಯಮಾನದಲ್ಲಿ ಇಲ್ಲ. ಗೋಡೆಯಂಚಿಗೆ ಕೇಬಲ್ ಎಳೆದು ಮೊಳೆ ಹೊಡೆದೆ. ನಡುಮನೆಯ ಇಂಟರ್‌ನೆಟ್ಟಿನ ಡಬ್ಬಕ್ಕೆ ಎರಡನ್ನೂ ಸಿಕ್ಕಿಸಿದೆ. ಆಮೇಲೆ ಮೂರು ದಿನ ಸತ್ತೆ. ಇದು ಅದಕ್ಕೆ ಕಾಣುತ್ತದೆ, ಅದು ಇದಕ್ಕೆ ಕಾಣುವುದಿಲ್ಲ. ಕಂಡರೆ ಪಾಸ್‌ವರ್ಡ್ ಕೇಳುತ್ತದೆ. ಯಾರ ಪಾಸ್‌ವರ್ಡು, ನಾನು ಇಟ್ಟೇ ಇಲ್ಲವಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ, ನಿಲ್ಲಿಸುತ್ತಾ, ಅವರು ಒತ್ತು ಅಂದದ್ದನ್ನು ಒತ್ತುತ್ತಾ ಹೋದೆ. ಮೂರನೆಯ ದಿನ ಮಧ್ಯಾಹ್ನ ಹಿಂದಿನ ಕೋಣೆಯ ಪರದೆ ಮೇಲೆ ಅವಳ ಫೋಲ್ಡರು ಮೂಡಿತು. ಒತ್ತಿದರೆ ತೆರೆಯಿತು. ಹಂಸ, ರಂಗೋಲಿ, ಎಲೆ, ಹಚ್ಚೆ, ಎಲ್ಲವೂ ಸಾಲಾಗಿ ಇದ್ದವು.

ಅವಳನ್ನು ಕರೆದು ತೋರಿಸಿದೆ. ಇನ್ನು ನೀನು ಓಡಾಡಬೇಡ, ಇಲ್ಲೂ ಐತೆ, ಅಲ್ಲೂ ಐತೆ ಅಂದೆ. ಅವಳು ಪೆನ್‌ಡ್ರೈವನ್ನು ಸೆರಗಿನಿಂದ ಬಿಚ್ಚಿ ದೇವರ ಗೂಡಿನಲ್ಲಿ ಇಟ್ಟಳು.

ಇಲ್ಲೂ ಇದೆ, ಅಲ್ಲೂ ಇದೆ. ಆ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಅದೇ ಜೋರಿನಲ್ಲಿ ಇನ್ನೊಂದು ಕೆಲಸ ಮಾಡಿದೆ. ಪ್ರತಿ ಡಿಸೈನನ್ನೂ ಅವಳು ಮೊದಲು ಚಿಂದಿ ಬಟ್ಟೆಯ ಮೇಲೆ ಹೊಲಿದು ನೋಡುತ್ತಿದ್ದಳು. ಆ ತುಂಡುಗಳ ಒಂದು ದೊಡ್ಡ ಗಂಟು ಅಟ್ಟದಲ್ಲಿ ಧೂಳು ತಿನ್ನುತ್ತಿತ್ತು. ಎರಡೆರಡು ಕಡೆ ಇರುವಾಗ ಮೂರನೆಯದು ಯಾಕೆ ಎಂದು ಅವಳಿಗೂ ಹೇಳಿ ಒಪ್ಪಿಸಿ, ಗ್ಯಾರೇಜಿನವನಿಗೆ ಕೈ ಒರೆಸಲು ಕೊಟ್ಟುಬಂದೆ.

ಮುಂದಿನ ಚಳಿಗಾಲದಲ್ಲಿ ಅವಳು ಎರಡು ದಿನದ ಮಟ್ಟಿಗೆ ತವರಿನ ಒಂದು ಗೃಹಪ್ರವೇಶಕ್ಕೆ ಹೋಗಿದ್ದಳು. ತರೀಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಒಬ್ಬರು ಕಂಪ್ಯೂಟರು ಬೇಕು ಎಂದು ಮನೆಗೇ ಬಂದರು. ನನ್ನ ಗೋಡೌನಿನಲ್ಲಿದ್ದ ಮೂರನ್ನೂ ನೋಡಿ ಮೂಗು ಮುರಿದರು. ಮುಂದಿನ ಕೋಣೆಯದನ್ನು ನೋಡಿ, ಇದಾದರೆ ಕೊಡಿ ಅಂದರು. ಮಾಲು ಕೇಳಿದವನು ಎದುರಿಗೆ ನಿಂತಿರುವಾಗಲೇ ಮಾರಬೇಕು, ಹೊಸ್ತಿಲು ದಾಟಿದವನು ಮತ್ತೆ ಬರುವುದಿಲ್ಲ. ಅದಕ್ಕಿಂತ ಒಳ್ಳೆಯದೊಂದು ಒಂದು ವಾರದಲ್ಲಿ ನನ್ನ ಕೈಗೆ ಬರುವುದಿತ್ತು. ಇವಳಿಗೆ ಅದನ್ನು ಕೂರಿಸಿ ಖುಷಿಪಡಿಸಬಹುದು ಎಂದೂ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಲಾಭವನ್ನೂ ಅಂದುಕೊಂಡೆ.

ಒಪ್ಪಂದವಾದ ಮೇಲೆ ನನ್ನ ನಿಯಮ ನೆನಪಾಯಿತು. ಡ್ರಾಯರ್ ಖಾಲಿ ಮಾಡಬೇಕು. ಕಣ್ಣು ಮುಚ್ಚಿಕೊಂಡು ಅಳಿಸುವ ಪೈಕಿ ಅಲ್ಲ ನಾನು. ಮೊದಲು ಹಿಂದಿನ ಕೋಣೆಗೆ ಹೋಗಿ ಅವಳ ಫೋಲ್ಡರು ತೆರೆದೆ. ಎಲ್ಲ ಇತ್ತು. ಒಂದನ್ನು ಒತ್ತಿದೆ, ಹಂಸ ಬಂತು. ಇನ್ನೊಂದು ಒತ್ತಿದೆ, ಹಚ್ಚೆ ಬಂತು, ಮೂಲೆಯ ತಪ್ಪಿದ ಎಳೆಯ ಸಮೇತ. ಎರಡು ಸಲ ಪರೀಕ್ಷೆ ಮಾಡಿ, ಮುಂದಿನ ಕೋಣೆಗೆ ಬಂದು, ಅದನ್ನು ಪೂರಾ ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ, ಬಟ್ಟೆಯಲ್ಲಿ ಒರೆಸಿ, ಕೊಟ್ಟು ಕಳಿಸಿದೆ. ಹಿಂದಿನದನ್ನು ಮತ್ತೆ ಹೋಗಿ ನೋಡಬೇಕು ಅಂತ ಅನ್ನಿಸಲಿಲ್ಲ. ಎರಡು ಸಲ ನೋಡಿದ್ದೆನಲ್ಲ.

ಹೆಂಡತಿ ಬಂದಳು. ಕಂಪ್ಯೂಟರು ಮಾರಿದ್ದಕ್ಕೆ ಸ್ವಲ್ಪ ಗೊಣಗಿದಳು, ಹೊಸದು ಬರುತ್ತದೆ ಅಂದದ್ದಕ್ಕೆ ಸುಮ್ಮನಾದಳು. ಕಾಫಿ ಕುಡಿದು ಹಿಂದಿನ ಕೋಣೆಗೆ ಹೋದವಳು ಅಲ್ಲಿಂದಲೇ ಕೂಗಿದಳು, ಇದ್ಯಾಕೋ ತೆಗೀತಾ ಇಲ್ಲ ಅಂತ. ಕೇಬಲ್ ಸಡಿಲ ಇರಬೇಕು ಎಂದು ಹೋಗಿ ಒತ್ತಿದೆ. ಫೋಲ್ಡರಿನ ಗುರುತು ಇತ್ತು. ತೆರೆದರೆ, ದಾರಿ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ಸಾಲು. ಆ ಹೊತ್ತಿನವರೆಗೂ ನನಗೆ ಭಯವೇ ಆಗಿರಲಿಲ್ಲ, ಸಿಟ್ಟು ಮಾತ್ರ. ಅವಳು ಮಾತ್ರ ಕೇಬಲ್ಲು ಎಲ್ಲಿಗೆ ಹೋಗಿದೆ ಅಂತ ಗೋಡೆಯಂಚಿನಲ್ಲೇ ನೋಡಿಕೊಂಡು, ಮೆಟ್ಟಿಲು ಹತ್ತಿ, ನಡುಮನೆ ದಾಟಿ, ಮುಂದಿನ ಕೋಣೆಯ ಖಾಲಿ ಮೇಜಿನವರೆಗೆ ಹೋದಳು. ಕೇಬಲ್ಲಿನ ತುದಿ ಮೇಜಿನ ಕೆಳಗೆ ಬಿದ್ದಿತ್ತು. ಅದನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದಳು.

"ಇದು ಎಲ್ಲಿಂದ ಬತ್ತಾ ಇತ್ತು ಅಂದ್ಕಂಡಿದ್ರಿ?" ಅಂದಳು.

ಮಾರನೇ ದಿನ ಬೆಳಗಿನ ಬಸ್ಸಿಗೆ ತರೀಕೆರೆಗೆ ಹೋದೆ. ಜೆರಾಕ್ಸ್ ಅಂಗಡಿಯವರು ಆಗಲೇ ಅದರ ತುಂಬ ಅರ್ಜಿ ನಮೂನೆ, ಮದುವೆ ಕಾರ್ಡು, ತಮ್ಮ ಹಳೆಯ ಕಡತ ಎಲ್ಲ ತುಂಬಿಕೊಂಡಿದ್ದರು. ವಾಪಸ್ಸು ಬೇಕು ಅಂದೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಕೊಟ್ಟದ್ದಕ್ಕಿಂತ ಹೆಚ್ಚಿನ ದರ ಹೇಳಿದರು. ನಾನು ಚೌಕಾಶಿ ಮಾಡಲಿಲ್ಲ. ನಲವತ್ತು ವರ್ಷದಲ್ಲಿ ಅದೊಂದೇ ವ್ಯಾಪಾರ ನಾನು ಬಾಯಿ ಬಿಡದೆ ಮುಗಿಸಿದ್ದು. ಅವರಿಗೆ ಪಾಪ ಅದರಲ್ಲೂ ನೆಮ್ಮದಿ ಸಿಗಲಿಲ್ಲ, ಇನ್ನೂ ಹೆಚ್ಚು ಹೇಳಬಹುದಿತ್ತು ಎನ್ನುವ ಮುಖ.

ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರು ರಿಪೇರಿ ಮಾಡುವವನೊಬ್ಬ ನನ್ನ ಹಳೆಯ ಪರಿಚಯ. ರೇಡಿಯೋ ರಿಪೇರಿಯಿಂದ ಶುರು ಮಾಡಿದವನು, ತಲೆಗೂದಲು ಬೆಳ್ಳಗಾಗಿದೆ. ನಡೆದದ್ದನ್ನೆಲ್ಲ ಹೇಳಿದೆ. ಎರಡು ಕಡೆ ಇತ್ತಪ್ಪಾ, ಕಣ್ಣಾರೆ ನೋಡಿದೆ, ತೆಗೆದೂ ನೋಡಿದೆ ಅಂದೆ. ಅವನು ಸ್ಕ್ರೂ ಬಿಚ್ಚುವುದನ್ನು ನಿಲ್ಲಿಸಿದ.

"ಅಣ್ಣಾ, ಕಟಿಂಗ್ ಶಾಪಿನ ಕನ್ನಡಿ ಮುಂದೆ ಒಂದು ಗಂಟು ಇಟ್ರೆ ಎಲ್ಡು ಗಂಟು ಕಾಣ್ತೈತೆ. ನೀವು ಕನ್ನಡಿ ಒಳಗಿಂದು ಮನೇಲಿರ್ಲಿ ಅಂತ ಈಚೆ ಕಡೇದು ಮಾರ್ಕಂಡ್ರಿ."

ಕಟಿಂಗ್ ಶಾಪಿನ ಕನ್ನಡಿಗಳನ್ನು ನಾನೇ ಎಷ್ಟು ಮಾರಿಲ್ಲ. ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಶೇರ್ ಮಾಡುವುದು ಅಂದರೆ ಹಂಚುವುದು ಅಂತ ನಾನು ತಿಳಿದಿದ್ದೆ. ನಮ್ಮಲ್ಲಿ ಹಂಚಿದ್ದು ಅಂದರೆ ಇಬ್ಬರ ಮನೆಯಲ್ಲೂ ಇರುತ್ತದೆ, ಅರ್ಧವಾದರೂ ಇರುತ್ತದೆ. ಇದು ತೋರಿಸುವುದು ಅಷ್ಟೇ. ವಸ್ತು ಇದ್ದಲ್ಲೇ ಇರುತ್ತದೆ, ಇನ್ನೊಂದು ಕಡೆಯಿಂದ ಇಣುಕಿ ನೋಡಬಹುದು, ಕೈ ಹಾಕಿ ತಿದ್ದಲೂಬಹುದು, ಆದರೆ ಅಲ್ಲಿಗೆ ಬಂದಿರುವುದಿಲ್ಲ. ನಿಮ್ಮ ಮನೆಯಲ್ಲಿ ಎರಡು ಕಂಪ್ಯೂಟರು ಇದ್ದರೆ ದಯವಿಟ್ಟು ಒಂದು ಕೆಲಸ ಮಾಡಿ, ಇವತ್ತೇ ಮಾಡಿ. ನಡುವಿನ ಕೇಬಲ್ಲು ಕೀಳಿ. ವೈಫೈ ಇದ್ದರೆ ಅದನ್ನು ಆರಿಸಿ. ಆಮೇಲೆ ತೆರೆದು ನೋಡಿ. ಕಿತ್ತ ಮೇಲೂ ಕಾಣುವುದು ಮಾತ್ರ ನಿಮ್ಮದು.

ಅವನು ಐದು ದಿನ ಇಟ್ಟುಕೊಂಡು, ಅಳಿಸಿದ್ದನ್ನು ಎತ್ತುವ ಏನೇನೋ ಹಾಕಿ ಪ್ರಯತ್ನಪಟ್ಟ. ಮೇಲೆ ಮೇಲೆ ಬೇರೆಯದು ಬರೆದುಬಿಟ್ಟಿದೆ ಅಂದ. ಸಿಕ್ಕಿದವು ಸಾವಿರಾರು ಚೂರು, ಒಂದಕ್ಕೂ ಹೆಸರಿಲ್ಲ. ಹೆಂಡತಿ ಅವನ್ನೆಲ್ಲ ಒಂದೊಂದೇ ತೆರೆದು ನೋಡಿದಳು. ಕುತ್ತಿಗೆ ಇಲ್ಲದ ಹಂಸ, ಮಧ್ಯದಲ್ಲೇ ಕಡಿದ ಬಳ್ಳಿ, ಪರದೆ ತುಂಬ ಗೀಚು. ಬಳಸಬಹುದಾದದ್ದು ಹತ್ತೋ ಹನ್ನೊಂದೋ. ದೇವರ ಗೂಡಿನ ಪೆನ್‌ಡ್ರೈವಿನಲ್ಲಿ ಇನ್ನಷ್ಟು ಇದ್ದವು, ಎಲ್ಲ ಚಿಕ್ಕ ಚಿಕ್ಕ ಹೂವು. ಮೊಬೈಲಿನಲ್ಲಿ ಕೆಲವು ರವಿಕೆಗಳ ಫೋಟೋ ಇದ್ದವು. ಫೋಟೋದಲ್ಲಿ ಹೂವು ಕಾಣುತ್ತದೆ, ಹೊಲಿಗೆ ಕಾಣುವುದಿಲ್ಲ. ಹಚ್ಚೆ ಮಾತ್ರ ಎಲ್ಲೂ ಇರಲಿಲ್ಲ. ಗ್ಯಾರೇಜಿಗೂ ಹೋಗಿ ಬಂದೆ. ಆ ಬಟ್ಟೆಗಳಾ, ಗ್ರೀಸ್ ಹೀರೋದ್ರಲ್ಲಿ ಎತ್ತಿದ ಕೈ, ಇನ್ನಷ್ಟು ಇದ್ರೆ ತಂದ್ಕೊಡಿ ಅಂದ ಅವನು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ನನಗೆ ದಾರಿ ಗೊತ್ತಿತ್ತು, ನಾನೂ ನಾಲ್ಕು ಮಾತಾಡಿ, ಸಂಜೆಗೆ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ಮುಗಿಸುತ್ತಿದ್ದೆ. ಅವಳು ಮಿಷನ್ನಿನ ಮೇಲೆ ಹಳೇ ಸೀರೆ ಹೊದಿಸಿದಳು.

"ಇದಕ್ಕೊಂದು ಗಿರಾಕಿ ನೋಡ್ರಿ" ಅಂದಳು. "ಇನ್ನೊಂದು ಏಳು ವರ್ಷ ನನ್ ಕೈಲಾಗಕಿಲ್ಲ."

ಆಗುತ್ತದೆ ಬಿಡು ಅಂತ ಹೇಳುವ ಮುಖ ನನಗೆ ಉಳಿದಿರಲಿಲ್ಲ. ಬೀರೂರಿನಲ್ಲಿ ಇಂಥ ಮಿಷನ್ನು ಕೊಳ್ಳುವವನೊಬ್ಬ ಇದ್ದ. ಅವನಿಗೆ ಒಂದು ಮಾತು ಹಾಕಿದೆ. ಮನೆಯೊಳಗಿನ ಜಗಳಕ್ಕೆ ವ್ಯಾಪಾರದ ಮದ್ದು ಹಾಕುವುದು ನನ್ನ ಹಳೆಯ ಚಾಳಿ. ಅವನು ಕೈಯಲ್ಲಿ ಕೆಲಸವಿದೆ, ಎರಡು ತಿಂಗಳು ಬಿಟ್ಟು ಬರುತ್ತೇನೆ ಅಂದ.

ಹದಿನೈದು ದಿನ ಮಿಷನ್ನು ಮುಸುಕು ಹೊದ್ದು ಕೂತಿತ್ತು. ಆಮೇಲೆ ಒಂದು ಮಧ್ಯಾಹ್ನ ಪಕ್ಕದ ಬೀದಿಯ ಹೆಂಗಸೊಬ್ಬಳು ತನ್ನ ಹಳೆಯ ರವಿಕೆ ತಂದು, ನನ್ನ ನಾದಿನಿಗೂ ಇಂಥದೇ ಬೇಕು ಅಂದಳು. ಆಗೋದಿಲ್ಲ ಎಂದು ಹೇಳಲು ಇವಳು ರವಿಕೆಯನ್ನು ಕೈಗೆ ತೆಗೆದುಕೊಂಡಳು. ತೋಳಿನ ಒಳಗಡೆ ಲೈನಿಂಗು ಹರಿದು ಜೋತುಬಿದ್ದಿತ್ತು. ಅಲ್ಲಿ ಎಂಬ್ರಾಯ್ಡರಿಯ ಬೆನ್ನು ಕಾಣುತ್ತಿತ್ತು. ಇವಳು ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಳು, ನೋಡಿದಳು, ಬಂದಿದ್ದ ಹೆಂಗಸು ಕೂತಿದ್ದಾಳೆ ಅನ್ನುವುದನ್ನೇ ಮರೆತಳು. ದಾರ ಒಂದು ಎಲೆ ಮುಗಿಸಿ ಇನ್ನೊಂದು ಎಲೆಗೆ ಹಾರಿದ್ದು, ಎಲ್ಲಿ ಗಂಟು ಬಿದ್ದಿದೆ, ಯಾವುದರ ಮೇಲೆ ಯಾವುದು ಹತ್ತಿದೆ, ಎಲ್ಲವೂ ಹಿಂದುಗಡೆ ಬರೆದಿಟ್ಟ ಹಾಗೆ ಇರುತ್ತದಂತೆ. ಇದನ್ನು ಅವಳು ಆಮೇಲೆ ನನಗೆ ಹೇಳಿದ್ದು. ಅವತ್ತು ಹೇಳಿದ್ದು ಇಷ್ಟೇ: ನಾಳೆ ಬಿಟ್ಟು ನಾಡಿದ್ದು ಬನ್ನಿ, ಆಗ್ತೈತೆ.

ಮಾರನೇ ದಿನ ಬೆಳಗ್ಗೆ, ಅಜ್ಜಂಪುರಕ್ಕೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.

ಅಲ್ಲಿಂದ ಶುರುವಾದ ಓಡಾಟ ನೆನೆದರೆ ಈಗಲೂ ಸೊಂಟ ನೋಯುತ್ತದೆ. ತಾನು ಹೊಲಿದುಕೊಟ್ಟ ರವಿಕೆಗಳ ಬೆನ್ನು ನೋಡಿ ಬರೆದುಕೊಳ್ಳಲು ಅವಳು ಮನೆಮನೆಗೆ ಹೊರಟಳು, ನಾನು ಅಂಗಡಿ ಮುಚ್ಚಿಕೊಂಡು ಅವಳ ಹಿಂದೆ ಬ್ಯಾಗು ಹಿಡಿದು ಹೋದೆ. ಬ್ಯಾಗಿನಲ್ಲಿ ಕತ್ತರಿ, ಸೂಜಿ ದಾರ, ಸ್ಕೇಲು, ಒಂದು ನೋಟ್ ಪುಸ್ತಕ. ಯಾರ‍್ಯಾರ ಮದುವೆಗೆ ಯಾವ ರವಿಕೆ ಎಂದು ಅವಳಿಗೆ ಬಾಯಿಪಾಠ. ವಾರಕ್ಕೆ ಎರಡು ದಿನ, ಮೂರು ದಿನ. ಬೀರೂರಿನಲ್ಲಿ ಇಳಿದು ಹತ್ತುವುದು, ಸೀಟು ಇಲ್ಲದೆ ಕಂಬ ಹಿಡಿದು ನಿಲ್ಲುವುದು, ಅವಳ ಮಂಡಿಗೆ ಮೆಟ್ಟಿಲು ಎತ್ತರವಾಗುವುದು. ಇಪ್ಪತ್ತು ಸಲದ ನಡುಮನೆಯ ಓಡಾಟ ತಪ್ಪಿಸಲು ಹೋಗಿ ಅವಳನ್ನು ಮೂರು ತಾಲ್ಲೂಕು ತಿರುಗಿಸಿದೆ.

ಮನೆಗಳಲ್ಲಿ ನನ್ನನ್ನು ನೋಡಿದ ಕೂಡಲೇ ಏನೋ ಮಾರಲು ಬಂದಿದ್ದಾನೆ ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಹೀಗೆ ಹೀಗೆ ಆಯಿತು ಎಂದು ಅವಳು ಹೇಳಬೇಕು, ಅವರು ನನ್ನ ಕಡೆ ಒಂದು ಸಲ ನೋಡಬೇಕು. ಆಮೇಲೆ ಬೀರು ತೆರೆಯುತ್ತಿದ್ದರು. ಹೊರಡುವಾಗ ಒಂದು ಮನೆಯವರೂ ಅವಳನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಮನೆಗೆ ಬಂದ ಮುತ್ತೈದೆಗೆ ಅರಿಶಿನ ಕುಂಕುಮದ ಜೊತೆ ರವಿಕೆ ಕಣ ಕೊಡದೆ ಕಳಿಸುವುದು ಹೇಗೆ? ಕೇಳಲು ಹೋದದ್ದು ನಾವು, ಕೊಟ್ಟು ಕಳಿಸಿದವರು ಅವರು. ಹಸಿರು, ಅರಿಶಿನ, ನೇರಳೆ, ಕೆಂಪು ಕಣಗಳು ಬ್ಯಾಗಿನಲ್ಲಿ ಕತ್ತರಿಯ ಮೇಲೆ ಸೇರುತ್ತಾ ಹೋದವು. ನನ್ನ ಕಸುಬಿನಲ್ಲಿ ಇಂಥ ವ್ಯಾಪಾರ ಕಂಡಿಲ್ಲ.

ಹಚ್ಚೆಯ ಡಿಸೈನನ್ನು ಅವಳು ಒಂದೇ ಒಂದು ರವಿಕೆಗೆ ಹಾಕಿದ್ದಳು. ಅದು ಅಜ್ಜಂಪುರದ ಒಬ್ಬ ಟೀಚರಮ್ಮನದು. ಮೊದಲು ಹೋಗಬೇಕಾದ ಮನೆ ಅದೇ. ಅಜ್ಜಂಪುರದ ಬೇರೆ ಮನೆಗಳಿಗೆ ಹೋಗಿ ಬಂದರೂ ಇವಳು ಅದನ್ನೇ ಮುಂದಕ್ಕೆ ಹಾಕುತ್ತಾ ಬಂದಳು. ಇಲ್ಲ ಅಂದುಬಿಟ್ಟರೆ ಅನ್ನುವ ಹೆದರಿಕೆ ಇರಬೇಕು. ಕೊನೆಗೆ ಹೋದೆವು. ಟೀಚರಮ್ಮ ಎಲ್ಲ ಕೇಳಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮನೆ ಸಾಮಾನೆಲ್ಲ ಮಾರ್ತೀರಿ ಅಂತ ಗೊತ್ತಿತ್ತು ಯಜಮಾನ್ರೇ. ಹೆಂಡ್ತಿ ಅಜ್ಜಿ ಕೈನೂ ಮಾರ್ತೀರಿ ಅಂತ ಗೊತ್ತಿರ್ಲಿಲ್ಲ."

ರವಿಕೆ ಅವರ ಹತ್ತಿರ ಇರಲಿಲ್ಲ. ಲಿಂಗದಹಳ್ಳಿಯಲ್ಲಿರುವ ಅವರ ನಾದಿನಿ ಒಂದು ಮದುವೆಗೆಂದು ಇಸಿದುಕೊಂಡು ಹೋಗಿ ವರ್ಷವಾಗಿತ್ತು. ಕೇಳಿದರೆ ತಪ್ಪು ತಿಳಿಯುತ್ತಾಳೆ ಎಂದು ಇವರು ಕೇಳಿರಲಿಲ್ಲ, ಕೇಳಲಿಲ್ಲವಲ್ಲ ಎಂದು ಅವಳು ಕೊಟ್ಟಿರಲಿಲ್ಲ.

ಲಿಂಗದಹಳ್ಳಿಗೆ ಹೋದದ್ದು ಭಾನುವಾರ. ಕೆಮ್ಮಣ್ಣುಗುಂಡಿಗೆ ಹೊರಟ ಜನರಿಂದ ಬಸ್ಸು ತುಂಬಿತ್ತು. ನಾದಿನಿ ಶುಂಠಿ ತೊಳೆಯುತ್ತಿದ್ದಳು, ಮೊಣಕೈವರೆಗೆ ಮಣ್ಣು. ಕೈ ತೊಳೆದುಕೊಂಡು ಬಂದು ಟ್ರಂಕಿನ ತಳದಿಂದ ರವಿಕೆ ತೆಗೆದುಕೊಟ್ಟಳು. ಬೆನ್ನಿನ ಮೇಲೆ ಹಚ್ಚೆ ಹಾಗೇ ಇತ್ತು, ಹಸಿರು ದಾರ, ಒಂಬತ್ತು ಚುಕ್ಕಿ, ತಪ್ಪಿದ ಎಳೆ. ಇವಳು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ತಿರುಗಿಸಿದಳು. ಲೈನಿಂಗು ಗಟ್ಟಿಯಾಗಿತ್ತು, ಒಂದು ದಾರವೂ ಬಿಟ್ಟಿರಲಿಲ್ಲ. ಬೇರೆಯವರ ರೇಷ್ಮೆ ರವಿಕೆ, ಮೇಲಾಗಿ ಇಸಿದು ತಂದದ್ದು. ಅದನ್ನು ಬಿಚ್ಚಲೇ ಅಂತ ಹೇಗೆ ಕೇಳುವುದು? ಇವಳೇ ಕೇಳಿದಳು.

ಆ ಹೆಂಗಸು ಮತ್ತೆ ಶುಂಠಿಯ ಕಡೆ ತಿರುಗಿದಳು.

"ಬಿಚ್ಚಕ್ಕ" ಅಂದಳು. "ಮತ್ತೆ ಹೊಲ್ಕೊಡೋಳೂ ನೀನೇ ತಾನೆ. ನಮ್ಮತ್ತಿಗೆ ಕೇಳಿದ್ರೆ ಮಾತ್ರ ನಾನು ಶುಂಠಿ ತೊಳೀತಿದ್ದೆ, ಏನೂ ನೋಡ್ಲಿಲ್ಲ."

ಜಗಲಿಯ ಬೆಳಕಿನಲ್ಲಿ ಕೂತು ಇವಳು ಲೈನಿಂಗು ಬಿಚ್ಚಿದಳು. ಹಿಂಭಾಗ ಪೂರ್ತಿ ಕಂಡಿತು. ನೋಟ್ ಪುಸ್ತಕದಲ್ಲಿ ದಾರದ ದಾರಿಯನ್ನು ಬರೆದುಕೊಳ್ಳುತ್ತಾ, ನಂಬರು ಹಾಕುತ್ತಾ ಮಧ್ಯಾಹ್ನ ಕಳೆಯಿತು. ನಾನು ಬೇರೇನೂ ಕೆಲಸವಿಲ್ಲದೆ ಶುಂಠಿ ತೊಳೆದುಕೊಟ್ಟೆ. ಎಲ್ಲ ಮುಗಿದ ಮೇಲೆ ಲೈನಿಂಗನ್ನು ಮೊದಲಿಗಿಂತ ಸಣ್ಣ ಹೊಲಿಗೆಯಲ್ಲಿ ಮತ್ತೆ ಕೂರಿಸಿಕೊಟ್ಟಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಬೀರೂರಿನವರೆಗೂ ನಿದ್ದೆ ಮಾಡಿದಳು. ನೋಟ್ ಪುಸ್ತಕ ತೊಡೆಯ ಮೇಲೆ, ಅದರ ಮೇಲೆ ಎರಡೂ ಕೈ.

ಎಲ್ಲವೂ ಮರಳಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಬಂತು, ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ ಇರಬಹುದು. ಕೆಲವು ರವಿಕೆ ಹರಿದುಹೋಗಿದ್ದವು, ಕೆಲವರು ಊರು ಬಿಟ್ಟಿದ್ದರು, ಒಬ್ಬರು ಬಾಗಿಲು ತೆಗೆಯಲಿಲ್ಲ. ಬಂದದ್ದನ್ನು ಅವಳು ಒಂದೊಂದಾಗಿ ಮತ್ತೆ ಕಂಪ್ಯೂಟರಿನಲ್ಲಿ ಕೂರಿಸುತ್ತಾ ಇದ್ದಳು. ತರೀಕೆರೆಯಿಂದ ವಾಪಸ್ಸು ತಂದ ಅದೇ ಕಂಪ್ಯೂಟರು, ಅದೇ ಮೇಜು. ಮುಗಿದ ಪ್ರತಿಯೊಂದನ್ನೂ ಆ ಆ ಮನೆಯವರು ಕೊಟ್ಟ ಕಣದ ಮೇಲೆ ಹೊಲಿದು, ಮೂಲೆಗೆ ಊರಿನ ಹೆಸರು ಬರೆದು ಮಡಚಿಡುತ್ತಿದ್ದಳು. ಹೊಸ ಗಂಟು. ಅದನ್ನು ಅಟ್ಟಕ್ಕೆ ಹಾಕಲಿಲ್ಲ, ತನ್ನ ಸೀರೆಗಳ ಜೊತೆ ಇಟ್ಟಳು. ಪೆನ್‌ಡ್ರೈವು ಮತ್ತೆ ಸೆರಗಿಗೆ ಬಂತು. ಕೇಬಲ್ ಮತ್ತೆ ಹಾಕಲೇ ಎಂದು ಒಮ್ಮೆ ಕೇಳಿದೆ. ಬೇಡ ಅಂದಳು. ಕುಂಟುತ್ತಾ ನಡುಮನೆ ದಾಟುವುದನ್ನು ನಾನು ನೋಡುತ್ತಾ ಕೂರಬೇಕಾಯಿತು.

ಹೀಗಿರುವಾಗ ಬೀರೂರಿನವನು ಬಂದ. ನಾನು ಅವನನ್ನು ಮರೆತೇಬಿಟ್ಟಿದ್ದೆ. ಮಿಷನ್ನನ್ನು ಸುತ್ತ ನೋಡಿದ, ಚಕ್ರ ತಿರುಗಿಸಿದ, ಸೂಜಿಗಳನ್ನು ಎಣಿಸಿದ. ಒಳ್ಳೆಯ ದರವನ್ನೇ ಹೇಳಿದ. ನಾನು ಬಾಯಿ ತೆರೆಯುವ ಮೊದಲು ಹೆಂಡತಿ ಅಡುಗೆಮನೆಯಿಂದ ಬಂದು, ಕಾಫಿ ಲೋಟ ಅವನ ಮುಂದಿಟ್ಟು, ತನ್ನ ದರ ಹೇಳಿದಳು. ಅವನು ಹೇಳಿದ್ದಕ್ಕೆ ಮೂರರಷ್ಟು. ಹೊಸ ಮಿಷನ್ನಿಗೇ ಅಷ್ಟು ಬೀಳುವುದಿಲ್ಲ.

ಅವನು ನಕ್ಕ. "ಏನಕ್ಕ, ತಮಾಷೆ ಮಾಡ್ತೀರಾ?"

"ಇಲ್ಲ ಕಣಪ್ಪ" ಅಂದಳು. "ಕಾಫಿಗೆ ಸಕ್ಕರೆ ಸಾಕಾ ನೋಡು."

ಅವನು ನನ್ನ ಕಡೆ ತಿರುಗಿದ, ನೀವಾದರೂ ಹೇಳಿ ಎಂಬಂತೆ. ವ್ಯಾಪಾರಕ್ಕೆ ಬರುವವರಿಗೆ ನಾನು ಹೇಳುವ ಇನ್ನೊಂದು ಮಾತಿದೆ: ಯಾರೂ ಕೊಡಲಾರದ ದರ ಹೇಳಿದವರು ಮಾರುತ್ತಿಲ್ಲ ಅಂತ ಅರ್ಥ, ಅವರ ಜೊತೆ ವಾದ ಮಾಡಬೇಡಿ, ಕಾಫಿ ಕುಡಿದು ಎದ್ದು ಬನ್ನಿ. ಅವನಿಗೂ ಅದನ್ನೇ ಹೇಳಿ ಬಸ್ ಸ್ಟಾಪಿನವರೆಗೆ ಬಿಟ್ಟು ಬಂದೆ.

ವಾಪಸ್ಸು ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು, ಮಂಡಿ ಒತ್ತಿಕೊಳ್ಳುತ್ತಾ.

"ಆ ಕೇಬಲ್ ಹಾಕ್ರಿ" ಅಂದಳು. "ಹಿಂದಿನ ಡಬ್ಬ ತೆಗ್ದು ದೊಡ್ಡ ಹೊಟ್ಟೇದು ಒಂದು ತಂದಿಡಿ. ಎಲ್ಲಾನೂ ಅದಕ್ಕೂ ಹಾಕಿ. ಆಮೇಲೆ ಕೇಬಲ್ ಕಿತ್ತು ನಂಗೆ ತೋರಿಸ್ಬೇಕು."

ಗೋಡೌನಿನಿಂದ ಒಂದನ್ನು ಆರಿಸಿ ತಂದು ಕೂರಿಸಿದೆ. ಪೂರ್ತಿ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿದೆ. ಕಾಪಿ ಆಗುವವರೆಗೆ ಅವಳು ಹಿಂದೆಯೇ ನಿಂತಿದ್ದಳು. ಆಮೇಲೆ ನಡುಮನೆಗೆ ಹೋಗಿ ಕೇಬಲ್ಲು ಕಿತ್ತೆ. ಕಿತ್ತಿದ್ದೀನಿ ನೋಡು ಎಂದು ಕೂಗಿದೆ. ಒಳಗಿನಿಂದ ಮೌಸಿನ ಸದ್ದು ಬಂತು. ಒಂದು ತೆರೆದಳು, ಮುಚ್ಚಿದಳು. ಇನ್ನೊಂದು ತೆರೆದಳು. ಎರಡು ನೋಡಿದರೆ ಸಾಕು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಎರಡು ಸಲ ನೋಡಿದವನು ನಾನೇ ತಾನೆ. ಕಾಲು ನೋಯತೊಡಗಿತು. 'ಮತ್ತೆ ಹಾಕಲಾ?' ಎಂದು ಕೇಳಿದೆ.

"ತಡೀರಿ" ಅಂದಳು. "ಇನ್ನೂ ಅವೆ."

ಕೇಬಲ್ಲಿನ ತುದಿ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಅವಳು ಒಂದೊಂದನ್ನೂ ತೆರೆದು ನೋಡುತ್ತಿದ್ದಳು.